ಮಂಡಿ ಸವೆತಕ್ಕೆ ಮೂರು ಇಂಜೆಕ್ಷನ್: ಸ್ಟೀರಾಯ್ಡ್, ಜೆಲ್, ಪಿಆರ್‌ಪಿಗಳಲ್ಲಿ ಯಾವುದು?

ಪ್ರಶ್ನೆ: ನನಗೆ 63 ವರ್ಷ. ಕೆಲವು ವರ್ಷಗಳಿಂದ ಎರಡೂ ಮಂಡಿಗಳಲ್ಲಿ ನೋವಿದೆ, ಬಲಗಡೆಯದು ಹೆಚ್ಚು. ಅದು ಆಗಾಗ ಊದಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವುದು, ನೆಲದಿಂದ ಏಳುವುದು ಕಷ್ಟವಾಗಿದೆ. ಎಕ್ಸ್‌ರೇ ನೋಡಿ ಮೂರನೇ ಹಂತದ ಸವೆತ ಎಂದರು. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ನೋವಿನ ಮಾತ್ರೆಗಳಿಂದ ಹೊಟ್ಟೆಗೆ ತೊಂದರೆಯಾಗುತ್ತದೆ. ಒಬ್ಬ ವೈದ್ಯರು ಸ್ಟೀರಾಯ್ಡ್ ಇಂಜೆಕ್ಷನ್ ಸಾಕು ಎಂದರು, ಇನ್ನೊಬ್ಬರು ಜೆಲ್ ಹಾಕಿಸಿಕೊಳ್ಳಿ ಎಂದರು, ಮೂರನೆಯವರು ನಮ್ಮದೇ ರಕ್ತದಿಂದ ತಯಾರಿಸುವ ಪಿಆರ್‌ಪಿಯೇ ಶ್ರೇಷ್ಠ ಎಂದರು. ಪರಿಚಯದವರೊಬ್ಬರು ಪಿಆರ್‌ಪಿ ಮಾಡಿಸಿಕೊಂಡು ಈಗ ಆರಾಮಾಗಿ ನಡೆಯುತ್ತಿದ್ದಾರೆ. ಯಾವುದನ್ನು ಆರಿಸಲಿ? ಸವೆದದ್ದು ಮತ್ತೆ ಬೆಳೆಯುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಜನ ಹಣ ಕಳೆದುಕೊಳ್ಳುವುದು ಅಲ್ಲಿಯೇ. ಸವೆದ ಮೃದ್ವಸ್ಥಿಯನ್ನು, ಅಂದರೆ ಕೀಲಿನಲ್ಲಿ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರವನ್ನು, ಮತ್ತೆ ಬೆಳೆಸುತ್ತದೆ ಎಂದು ಸಾಬೀತಾದ ಇಂಜೆಕ್ಷನ್ ಇಂದಿನವರೆಗೆ ಒಂದೂ ಇಲ್ಲ. ಸ್ಟೀರಾಯ್ಡ್ ಬೆಳೆಸುವುದಿಲ್ಲ, ಜೆಲ್ ಬೆಳೆಸುವುದಿಲ್ಲ, ಪಿಆರ್‌ಪಿಯೂ ಬೆಳೆಸುವುದಿಲ್ಲ. ಆರು ತಿಂಗಳಲ್ಲಿ ಮಂಡಿ ಹೊಸದಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಅವರ ಕೈಯಲ್ಲಿ ಯಾವ ಔಷಧಿ ಇದೆ ಎಂಬುದನ್ನು ಕೇಳುವ ಅಗತ್ಯವೂ ಇಲ್ಲ, ಎದ್ದು ಬನ್ನಿ. ಹಾಗಾಗಿ ಹೋಲಿಕೆ ನಡೆಯಬೇಕಾದದ್ದು ನೋವಿನ ವಿಷಯದಲ್ಲಿ ಮಾತ್ರ: ಯಾವುದು ನೋವನ್ನು ಎಷ್ಟು ಇಳಿಸುತ್ತದೆ, ಎಷ್ಟು ದಿನ, ಯಾವ ಅಪಾಯದೊಂದಿಗೆ.

ನನ್ನ ಅಭಿಪ್ರಾಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಲ ಮಂಡಿ ಊದಿಕೊಂಡಿರುವಾಗ ಅದಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಅದರ ಬೆನ್ನಿಗೇ ಶಿಸ್ತಿನ ವ್ಯಾಯಾಮ, ಇದು ಸಮಂಜಸವಾದ ದಾರಿ. ಜೆಲ್ ಬೇಡ. ಪಿಆರ್‌ಪಿಗೆ ಆತುರ ಬೇಡ. ಏಕೆಂಬುದನ್ನು ಈಗ ನೋಡೋಣ.

ಮೃದ್ವಸ್ಥಿಗೆ ನರಗಳೇ ಇಲ್ಲ. ಅದು ಸವೆಯುವುದು ನೋಯುವುದಿಲ್ಲ. ನೋವು ಬರುವುದು ಅದರ ಸುತ್ತಮುತ್ತಲಿನಿಂದ: ಕೀಲಿನ ಒಳಪೊರೆ ಉರಿಯೂತದಿಂದ ಕೆರಳಿ ನೀರು ಸುರಿಸುವುದರಿಂದ, ಮೃದ್ವಸ್ಥಿಯ ಕೆಳಗಿನ ಮೂಳೆಯ ಮೇಲೆ ಒತ್ತಡ ಬೀಳುವುದರಿಂದ, ಬಿಗಿದ ಕೀಲುಚೀಲದಿಂದ, ಬಲಗುಂದಿದ ತೊಡೆಯ ಸ್ನಾಯುಗಳಿಂದ. ಎಕ್ಸ್‌ರೇಯಲ್ಲಿ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಹಂತಗಳಾಗಿ ಅಳೆಯುವ ಪದ್ಧತಿ 1957ರಿಂದ ಇದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ರೂಪಿಸಿದ ಆ ಅಳತೆ ಮೂಳೆಗಳ ನಡುವಿನ ಅಂತರವನ್ನೂ ಮೂಳೆಯ ಮುಳ್ಳುಗಳನ್ನೂ ಹೇಳುತ್ತದೆ, ನೋವನ್ನು ಹೇಳುವುದಿಲ್ಲ. ಮೂರನೇ ಹಂತದ ಚಿತ್ರ ಹಿಡಿದುಕೊಂಡು ನಿರಾಯಾಸವಾಗಿ ನಡೆದು ಬರುವವರನ್ನೂ ಎರಡನೇ ಹಂತದಲ್ಲೇ ರಾತ್ರಿ ನಿದ್ರೆಗೆಟ್ಟವರನ್ನೂ ನಾನು ನೋಡುತ್ತಲೇ ಇರುತ್ತೇನೆ. ಇಂಜೆಕ್ಷನ್ ಕೊಡುವ ಮೊದಲು ವೈದ್ಯರು ಚಿತ್ರಕ್ಕಿಂತ ಹೆಚ್ಚಾಗಿ ಮಂಡಿಯನ್ನು ಮುಟ್ಟಿ ನೋಡಬೇಕು. ಬಿಸಿ ಇದೆಯೇ, ನೀರು ತುಂಬಿದೆಯೇ, ಒತ್ತಿದರೆ ನೋಯುವುದು ಕೀಲಿನ ಗೆರೆಯಲ್ಲೇ ಅಥವಾ ಅದರ ಕೆಳಗಿನ ಸ್ನಾಯುರಜ್ಜುಗಳಲ್ಲೇ? ಸೊಂಟದ ಕೀಲಿನ ತೊಂದರೆ ಮಂಡಿಯಲ್ಲಿ ನೋವಾಗಿ ತೋರುವುದೂ ಉಂಟು. ಅಂಥವರಿಗೆ ಮಂಡಿಗೆ ಏನು ಚುಚ್ಚಿದರೂ ಪ್ರಯೋಜನವಿಲ್ಲ.

ಇನ್ನು ನಿಮ್ಮ ಪರಿಚಯದವರ ವಿಷಯ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಮಂಡಿಯ ಇಂಜೆಕ್ಷನ್‌ಗಳ ಅಧ್ಯಯನಗಳಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ: ಬರೀ ಸಲೈನ್, ಅಂದರೆ ಶುದ್ಧೀಕರಿಸಿದ ಉಪ್ಪುನೀರು ಚುಚ್ಚಿಸಿಕೊಂಡವರಿಗೂ ನೋವು ಗಣನೀಯವಾಗಿ ಇಳಿಯುತ್ತದೆ, ಅದೂ ತಿಂಗಳುಗಟ್ಟಲೆ. ಮಂಡಿ ಸವೆತದ ನೋವು ಏರುತ್ತ ಇಳಿಯುತ್ತ ಸಾಗುವಂಥದ್ದು, ಜನ ಸೂಜಿಗೆ ಒಪ್ಪುವುದು ಅದು ತುತ್ತತುದಿಯಲ್ಲಿರುವಾಗ. ಅಲ್ಲಿಂದ ಅದು ತಾನಾಗಿಯೇ ಇಳಿಯುವ ಸಾಧ್ಯತೆ ಹೆಚ್ಚು. ಇದರ ಮೇಲೆ ನಿರೀಕ್ಷೆಯ ಬಲವೂ ಸೇರುತ್ತದೆ. ಮಾತ್ರೆಗಿಂತ ಸೂಜಿಯ ಮೇಲೆ ನಂಬಿಕೆ ಹೆಚ್ಚು, ಸೂಜಿ ದುಬಾರಿಯಾದಷ್ಟೂ ಇನ್ನೂ ಹೆಚ್ಚು. ಆದ್ದರಿಂದ ‘ಹಾಕಿಸಿಕೊಂಡೆ, ಗುಣವಾಯಿತು’ ಎಂಬ ಮಾತಿನಿಂದ ಔಷಧಿಯ ಶಕ್ತಿ ಗೊತ್ತಾಗುವುದಿಲ್ಲ. ಯಾರಿಗೆ ಏನು ಚುಚ್ಚಿದೆ ಎಂದು ರೋಗಿಗೂ ಪರೀಕ್ಷಿಸುವವರಿಗೂ ತಿಳಿಯದಂತೆ ಸಲೈನ್ ಜೊತೆ ಹೋಲಿಸಿದಾಗ ಎಷ್ಟು ವ್ಯತ್ಯಾಸ ಉಳಿಯುತ್ತದೆ ಎಂಬುದೇ ನಿಜವಾದ ಲೆಕ್ಕ. ಮುಂದಿನದ್ದನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗುತ್ತೇನೆ.

ಸ್ಟೀರಾಯ್ಡ್ ಈ ಮೂರರಲ್ಲಿ ಹಳೆಯದು. ಹೈಡ್ರೋಕಾರ್ಟಿಸೋನ್ ಅನ್ನು ಕೀಲಿನೊಳಗೆ ಚುಚ್ಚಿದ ಅನುಭವವನ್ನು ಅಮೆರಿಕದ ವೈದ್ಯ ಹೊಲಾಂಡರ್ 1951ರಲ್ಲಿ ಪ್ರಕಟಿಸಿದರು. ಇಂದು ಹೆಚ್ಚಾಗಿ ಬಳಸುವುದು ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್. ಮಂಡಿಗೆ ಸಾಮಾನ್ಯವಾಗಿ 40 ಮಿಲಿಗ್ರಾಂ, ಕೆಲವೊಮ್ಮೆ 80. ಒಳಪೊರೆಯ ಉರಿಯೂತವನ್ನು ಅದು ನೇರವಾಗಿ ತಗ್ಗಿಸುತ್ತದೆ, ಕೆಲವೇ ದಿನಗಳಲ್ಲಿ ಫಲ ಕಾಣುತ್ತದೆ. ಸಲೈನ್‌ಗಿಂತ ಹೆಚ್ಚು ನೋವು ಇಳಿಸುತ್ತದೆ ಎಂಬುದರಲ್ಲಿ ದೊಡ್ಡ ವಿವಾದವಿಲ್ಲ. ವಿವಾದವಿರುವುದು ಅವಧಿಯಲ್ಲಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರ ತನ್ನ ದಾಖಲೆಯಲ್ಲಿ, ಈ ಉಪಶಮನ 2ರಿಂದ 10 ವಾರಗಳದ್ದು ಮಾತ್ರ ಎಂದು ರೋಗಿಗೆ ತಿಳಿಸಿ ಹೇಳಿಯೇ ಕೊಡಿ ಎಂದು ವೈದ್ಯರಿಗೆ ಸೂಚಿಸುತ್ತದೆ. ಬೇರೆ ಔಷಧಿಗಳು ಒಗ್ಗದಿದ್ದಾಗ, ಇಲ್ಲವೇ ವ್ಯಾಯಾಮಕ್ಕೆ ಬೆಂಬಲವಾಗಿ ಇದನ್ನು ಪರಿಗಣಿಸಿ ಎಂಬುದು ಅದೇ ದಾಖಲೆಯ ಮಾತು. ಎರಡೂ ನಿಮಗೆ ಅನ್ವಯಿಸುತ್ತವೆ.

ಹಾಗಾದರೆ ನೋವು ಬಂದಾಗಲೆಲ್ಲ ಹಾಕಿಸಿಕೊಳ್ಳಬಹುದಲ್ಲ ಎನ್ನಬೇಡಿ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಂಡಿ ಸವೆತದ 140 ಜನರಿಗೆ ಎರಡು ವರ್ಷಗಳ ಕಾಲ ಹನ್ನೆರಡು ವಾರಗಳಿಗೊಮ್ಮೆ 40 ಮಿಲಿಗ್ರಾಂ ಟ್ರಯಾಮ್ಸಿನೊಲೋನ್ ಅಥವಾ ಸಲೈನ್ ಕೊಟ್ಟರು. ಎಂಆರ್‌ಐಯಲ್ಲಿ ಅಳೆದಾಗ ಸ್ಟೀರಾಯ್ಡ್ ಪಡೆದವರ ಮೃದ್ವಸ್ಥಿಯ ದಪ್ಪ ಸರಾಸರಿ 0.21 ಮಿಲಿಮೀಟರ್ ಕುಗ್ಗಿತ್ತು, ಸಲೈನ್ ಪಡೆದವರದು 0.10. ನೋವಿನಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಈ ಅಧ್ಯಯನವನ್ನು ಹಿಡಿದುಕೊಂಡು ‘ಸ್ಟೀರಾಯ್ಡ್ ಮಂಡಿಯನ್ನೇ ತಿಂದುಹಾಕುತ್ತದೆ’ ಎಂದು ಹೆದರಿಸುವವರಿದ್ದಾರೆ, ಅದು ಅತಿರೇಕ. ನೋವನ್ನು ಅಳೆದದ್ದು ಮೂರು ತಿಂಗಳಿಗೊಮ್ಮೆ, ಅಂದರೆ ಮೊದಲ ವಾರಗಳ ಉಪಶಮನ ಲೆಕ್ಕಕ್ಕೆ ಸಿಗಲೇ ಇಲ್ಲ. ಮಿಲಿಮೀಟರಿನ ಹತ್ತನೇ ಒಂದು ಭಾಗದ ಆ ಅಂತರದಿಂದ ರೋಗಿಯ ನಡಿಗೆಗೆ ಏನಾಗುತ್ತದೆ ಎಂಬುದೂ ಸ್ಪಷ್ಟವಿಲ್ಲ. ಆದರೂ ಕ್ಯಾಲೆಂಡರ್ ನೋಡಿಕೊಂಡು ಮೂರು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಅಭ್ಯಾಸ ಒಳ್ಳೆಯದಲ್ಲ ಎಂಬ ಪಾಠ ಅದರಲ್ಲಿದೆ. ಎರಡು ಇಂಜೆಕ್ಷನ್‌ಗಳ ನಡುವೆ ಕನಿಷ್ಠ ಮೂರು ತಿಂಗಳು ಇರಲೇಬೇಕು. ಮೂರು ತಿಂಗಳಾಯಿತು ಎಂಬುದೇ ಮುಂದಿನದಕ್ಕೆ ಕಾರಣವಾಗಬಾರದು.

ಸಕ್ಕರೆ ಕಾಯಿಲೆ ಇರುವ ನಿಮಗೆ ಇನ್ನೊಂದು ಮುಖ್ಯ ವಿಷಯ. ಕೀಲಿಗೆ ಚುಚ್ಚಿದ ಸ್ಟೀರಾಯ್ಡ್‌ನಲ್ಲಿ ಒಂದಿಷ್ಟು ರಕ್ತಕ್ಕೂ ಸೇರುತ್ತದೆ. ಅದರಿಂದ ಕೆಲವು ದಿನ, ಕೆಲವರಲ್ಲಿ ಒಂದು ವಾರದವರೆಗೂ ರಕ್ತದ ಸಕ್ಕರೆ ಏರುತ್ತದೆ. ಮಾತ್ರೆಯಿಂದ ಹಿಡಿತದಲ್ಲಿರುವವರಲ್ಲಿ ಇದು ಅಪಾಯದ ಮಟ್ಟಕ್ಕೆ ಹೋಗುವುದು ಅಪರೂಪ, ಆದರೆ ತಿಳಿಯದೆ ಇದ್ದರೆ ಗಾಬರಿಯಾಗುತ್ತದೆ. ಇಂಜೆಕ್ಷನ್‌ನ ದಿನದಿಂದ ಒಂದು ವಾರ ದಿನಕ್ಕೆ ಎರಡು ಮೂರು ಬಾರಿ ಪರೀಕ್ಷಿಸಿಕೊಳ್ಳಿ. ಯಾವ ಅಂಕಿ ದಾಟಿದರೆ ಕರೆ ಮಾಡಬೇಕು ಎಂದು ನಿಮ್ಮ ಸಕ್ಕರೆಯ ವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಂದೇ ದಿನ ಎರಡೂ ಮಂಡಿಗೆ ಬೇಡ, ಪ್ರಮಾಣ ಇಮ್ಮಡಿಯಾಗುತ್ತದೆ. ಮೊದಲ ಒಂದೆರಡು ದಿನ ನೋವು ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಉಂಟು. ತಣ್ಣನೆಯ ಪಟ್ಟಿ, ವಿಶ್ರಾಂತಿ, ಪ್ಯಾರಾಸಿಟಮಾಲ್‌ನಲ್ಲಿ ಅದು ಶಮನವಾಗುತ್ತದೆ. ಚುಚ್ಚಿದ ಜಾಗದ ಚರ್ಮ ಸ್ವಲ್ಪ ಬಿಳಿಚುವುದು, ಕೊಬ್ಬು ಕರಗಿ ಚಿಕ್ಕ ಗುಳಿ ಬೀಳುವುದು ಕೆಲವರಲ್ಲಿ ಕಾಣುತ್ತದೆ.

ಜೆಲ್ ಎಂದು ಕರೆಯುವುದು ಹಯಲುರಾನಿಕ್ ಆಮ್ಲವನ್ನು. ಕೀಲಿನ ಸಹಜ ದ್ರವಕ್ಕೆ ಅಂಟಂಟು ಗುಣ ಬರುವುದು ಅದರಿಂದಲೇ, ಸವೆದ ಮಂಡಿಯಲ್ಲಿ ಅದು ತೆಳುವಾಗುತ್ತದೆ ಎಂಬುದೂ ನಿಜ. ಹಾಗಾದರೆ ಹೊರಗಿನಿಂದ ತುಂಬಿದರೆ ಯಂತ್ರಕ್ಕೆ ಎಣ್ಣೆ ಬಿಟ್ಟಂತೆ ಆಗುತ್ತದೆ ಎಂಬ ತರ್ಕ ಕೇಳಲು ಬಹಳ ಸೊಗಸಾಗಿದೆ. ತೊಂದರೆಯೆಂದರೆ ಚುಚ್ಚಿದ ಜೆಲ್ ಕೀಲಿನಲ್ಲಿ ಬಹಳ ಕಾಲ ನಿಲ್ಲುವುದಿಲ್ಲ. ಗಂಟೆಗಳಿಂದ ಹಿಡಿದು ಕೆಲವು ದಿನಗಳೊಳಗೆ ಅದರ ಬಹುಭಾಗ ಕರಗಿಹೋಗುತ್ತದೆ. ಆರು ತಿಂಗಳ ‘ಎಣ್ಣೆ’ ಎಲ್ಲಿಂದ ಬರಬೇಕು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ಇದಕ್ಕೆ ಅನುಮತಿ ಕೊಟ್ಟದ್ದು ಔಷಧಿಯಾಗಿ ಅಲ್ಲ, ವೈದ್ಯಕೀಯ ಸಾಧನವಾಗಿ. ವಾರಕ್ಕೊಂದರಂತೆ ಮೂರರಿಂದ ಐದು ಬಾರಿ ಕೊಡುವ ಬಗೆಗಳಿವೆ, ಒಂದೇ ಬಾರಿಗೆ 6 ಮಿಲಿಲೀಟರ್ ಕೊಡುವುದೂ ಇದೆ. ಕೆಲವನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆ, ಹಾಗಾಗಿ ಕೋಳಿ, ಮೊಟ್ಟೆ, ಗರಿಗಳ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು. ಉಳಿದವನ್ನು ಬ್ಯಾಕ್ಟೀರಿಯಾಗಳ ನೆರವಿನಿಂದ ತಯಾರಿಸುತ್ತಾರೆ.

2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದರ ಕುರಿತ 169 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದ ಬರಹವನ್ನು ಪ್ರಕಟಿಸಿತು. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ರೋಗಿಗಳು. ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದ ದೊಡ್ಡ ಅಧ್ಯಯನಗಳನ್ನು ಮಾತ್ರ ತೆಗೆದುಕೊಂಡಾಗ, ನೂರು ಅಂಕಗಳ ನೋವಿನ ಅಳತೆಗೋಲಿನಲ್ಲಿ ಜೆಲ್ ತಂದ ಹೆಚ್ಚುವರಿ ಇಳಿಕೆ ಸುಮಾರು ಎರಡು ಅಂಕ. ರೋಗಿಗೆ ಅನುಭವಕ್ಕೆ ಬರುವ ವ್ಯತ್ಯಾಸವೆಂದು ಆ ಸಂಶೋಧಕರು ಇಟ್ಟುಕೊಂಡದ್ದು ಒಂಬತ್ತು. ಗಂಭೀರ ಅಡ್ಡಪರಿಣಾಮಗಳು ಜೆಲ್ ಗುಂಪಿನಲ್ಲಿ ಸುಮಾರು ಒಂದೂವರೆ ಪಟ್ಟು ಇದ್ದವು. ನೈಸ್ ಸಂಸ್ಥೆ ಇದನ್ನು ಕೊಡಲೇಬೇಡಿ ಎನ್ನುತ್ತದೆ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ 2021ರಲ್ಲಿ, ವಾಡಿಕೆಯ ಚಿಕಿತ್ಸೆಯಾಗಿ ಬೇಡ ಎಂದಿತು. ತಮ್ಮದೇ ವೃತ್ತಿಗೆ ಆದಾಯ ತರುವ ವಸ್ತುವಿನ ಬಗ್ಗೆ ಶಸ್ತ್ರಚಿಕಿತ್ಸಕರ ಸಂಘವೇ ಹೀಗೆ ಹೇಳಿದ್ದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಎಲ್ಲರೂ ಒಮ್ಮತದಲ್ಲಿಲ್ಲ, ನಿಜ. ಸವೆತದ ಬಗ್ಗೆ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಷರತ್ತುಗಳೊಂದಿಗೆ ಜೆಲ್‌ಗೆ ಜಾಗ ಕೊಟ್ಟಿದೆ. ಜೆಲ್‌ನಿಂದ ಸ್ಟೀರಾಯ್ಡ್‌ಗಿಂತ ನಿಧಾನವಾಗಿ, ಆದರೆ ಹೆಚ್ಚು ಕಾಲ ಆರಾಮ ಸಿಗುತ್ತದೆ ಎಂದು ಅದನ್ನು ಮೆಚ್ಚುವ ವೈದ್ಯರು ವಾದಿಸುತ್ತಾರೆ. ಎರಡು ಅಂಕಗಳಿಗಾಗಿ ನಿಮ್ಮನ್ನು ಖರ್ಚಿಗೂ ಸೂಜಿಗೂ ಒಡ್ಡಲು ನನಗಂತೂ ಮನಸ್ಸಿಲ್ಲ.

ಪಿಆರ್‌ಪಿ ಹೆಚ್ಚು ಆಕರ್ಷಕ, ಹೆಚ್ಚು ಗೋಜಲು. ತೋಳಿನಿಂದ ರಕ್ತ ತೆಗೆದು ಕೊಳವೆಯಲ್ಲಿ ಹಾಕಿ ಯಂತ್ರದಲ್ಲಿ ರಭಸವಾಗಿ ತಿರುಗಿಸುತ್ತಾರೆ. ಹೊರಗೆ ತೆಗೆದಾಗ ಅದು ಪದರಗಳಾಗಿ ನಿಂತಿರುತ್ತದೆ: ತಳದಲ್ಲಿ ಕಡುಗೆಂಪು ಕಣಗಳು, ಅದರ ಮೇಲೆ ಬಿಳಿಯ ತೆಳು ಗೆರೆ, ಮೇಲೆ ಹಳದಿ ಬಣ್ಣದ ದ್ರವ. ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಭಾಗವನ್ನು ಹೀರಿ ಮಂಡಿಗೆ ಚುಚ್ಚುತ್ತಾರೆ. ಪ್ಲೇಟ್‌ಲೆಟ್‌ಗಳು ಬಿಡುಗಡೆ ಮಾಡುವ ಬೆಳವಣಿಗೆಯ ಅಂಶಗಳು ಕೀಲಿನ ವಾತಾವರಣವನ್ನು ಶಮನಗೊಳಿಸುತ್ತವೆ ಎಂಬುದು ಆಶಯ. ನಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ, ಸಕ್ಕರೆಯೂ ಏರುವುದಿಲ್ಲ. ಇವು ನಿಜವಾದ ಅನುಕೂಲಗಳು.

ಗೋಜಲು ಎಲ್ಲಿದೆ ಎಂದರೆ, ಒಂದು ಚಿಕಿತ್ಸಾಲಯದ ಪಿಆರ್‌ಪಿ ಇನ್ನೊಂದರ ಪಿಆರ್‌ಪಿ ಅಲ್ಲ. ಎಷ್ಟು ರಕ್ತ, ಎಷ್ಟು ವೇಗ, ಪ್ಲೇಟ್‌ಲೆಟ್‌ಗಳ ಸಾಂದ್ರತೆ ಎಷ್ಟು, ಬಿಳಿ ರಕ್ತಕಣಗಳನ್ನು ಉಳಿಸಿಕೊಂಡದ್ದೇ ತೆಗೆದದ್ದೇ, ಎಷ್ಟು ಬಾರಿ, ಯಾವುದರಲ್ಲೂ ಏಕರೂಪತೆ ಇಲ್ಲ. ಅನೇಕ ಚಿಕ್ಕ ಅಧ್ಯಯನಗಳು ಪಿಆರ್‌ಪಿ ಜೆಲ್‌ಗಿಂತ ಉತ್ತಮ ಎಂದು ಹೇಳಿವೆ. ಆದರೆ ಜೆಲ್ ಎಂಬುದೇ ಸಲೈನ್‌ಗಿಂತ ಹೆಚ್ಚೇನೂ ಮುಂದಿಲ್ಲದಿರುವಾಗ ಅದನ್ನು ಸೋಲಿಸಿದ್ದು ದೊಡ್ಡ ಗೆಲುವಾಗುವುದಿಲ್ಲ. 2021ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಅಧ್ಯಯನ ಹೆಚ್ಚು ಎಚ್ಚರಿಕೆಯಿಂದ ಮಾಡಿದ್ದು. ಐವತ್ತು ದಾಟಿದ, ಸೌಮ್ಯದಿಂದ ಮಧ್ಯಮ ಸವೆತವಿದ್ದ 288 ಜನರಿಗೆ ವಾರಕ್ಕೊಂದರಂತೆ ಮೂರು ಬಾರಿ ಪಿಆರ್‌ಪಿ ಅಥವಾ ಸಲೈನ್ ಕೊಟ್ಟು ಒಂದು ವರ್ಷ ಗಮನಿಸಿದರು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಪಿಆರ್‌ಪಿಯಿಂದ 2.1 ಇಳಿಯಿತು, ಸಲೈನ್‌ನಿಂದ 1.8. ಮೃದ್ವಸ್ಥಿಯ ಗಾತ್ರದಲ್ಲೂ ಪರಿಗಣಿಸುವಂಥ ಅಂತರವಿರಲಿಲ್ಲ. ಎರಡು ಅಂಕ ಇಳಿದ ರೋಗಿ ಮನೆಗೆ ಹೋಗಿ ನೆರೆಹೊರೆಯವರಿಗೆ ಏನು ಹೇಳುತ್ತಾರೆ ಎಂದು ಊಹಿಸಿ. ಉಪ್ಪುನೀರು ಪಡೆದವರೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು.

ಆ ಅಧ್ಯಯನದಲ್ಲಿ ಬಳಸಿದ ಪಿಆರ್‌ಪಿಯಲ್ಲಿ ಪ್ಲೇಟ್‌ಲೆಟ್‌ಗಳ ಸಾಂದ್ರತೆ ಸಾಲದಾಗಿತ್ತು ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವುದಿಲ್ಲ. ಹೆಚ್ಚು ಸಾಂದ್ರತೆಯ ಬಗೆ ನಾಳೆ ಉತ್ತಮವೆಂದು ಸಾಬೀತಾದರೆ ನನ್ನ ಉತ್ತರವೂ ಬದಲಾಗುತ್ತದೆ. ಸದ್ಯಕ್ಕೆ ಅಮೆರಿಕದ ಸಂಧಿವಾತ ತಜ್ಞರ ಕಾಲೇಜು 2019ರಲ್ಲಿ ಪಿಆರ್‌ಪಿಯನ್ನು ಬಲವಾಗಿ ವಿರೋಧಿಸಿದೆ, ಮೂಳೆ ಶಸ್ತ್ರಚಿಕಿತ್ಸಕರ ಅಕಾಡೆಮಿ ನೋವು ತಗ್ಗಿಸಬಹುದು ಎಂದು ಸೀಮಿತ ಬೆಂಬಲ ಕೊಟ್ಟಿದೆ. ತಜ್ಞರೇ ಹೀಗೆ ಎರಡು ದಿಕ್ಕಿಗೆ ನೋಡುತ್ತಿರುವಾಗ ‘ಪಿಆರ್‌ಪಿಯೇ ಶ್ರೇಷ್ಠ’ ಎಂಬ ಮಾತಿಗೆ ಆಧಾರವಿಲ್ಲ. ಸ್ಟೀರಾಯ್ಡ್ ಒಗ್ಗದ, ಸವೆತ ಇನ್ನೂ ಆರಂಭದಲ್ಲಿರುವ, ಖರ್ಚಿನ ಬಗ್ಗೆ ಚಿಂತೆಯಿಲ್ಲದ ವ್ಯಕ್ತಿ ಎಲ್ಲವನ್ನೂ ತಿಳಿದುಕೊಂಡು ಮಾಡಿಸಿಕೊಳ್ಳುತ್ತೇನೆ ಎಂದರೆ ನಾನು ತಡೆಯುವುದಿಲ್ಲ. ನಿಮ್ಮದು ಆ ಪರಿಸ್ಥಿತಿಯಲ್ಲ.

ನಾಳೆ ನಾಲ್ಕನೆಯ ವೈದ್ಯರೊಬ್ಬರು ಕಾಂಡಕೋಶ (ಸ್ಟೆಮ್ ಸೆಲ್) ಹಾಕಿಸಿಕೊಳ್ಳಿ ಎನ್ನಬಹುದು. 2023ರಲ್ಲಿ ಪ್ರಕಟವಾದ, 475 ರೋಗಿಗಳ ಅಧ್ಯಯನದಲ್ಲಿ ಮೂಳೆಮಜ್ಜೆ, ಕೊಬ್ಬು ಮತ್ತು ಹೊಕ್ಕುಳಬಳ್ಳಿಯಿಂದ ತೆಗೆದ ಮೂರು ಬಗೆಯ ಕೋಶಗಳನ್ನು ಸಾಮಾನ್ಯ ಸ್ಟೀರಾಯ್ಡ್ ಜೊತೆ ಹೋಲಿಸಿದರು. ಒಂದು ವರ್ಷದ ನಂತರ ಒಂದೂ ಸ್ಟೀರಾಯ್ಡ್‌ಗಿಂತ ಮೇಲೆನಿಸಲಿಲ್ಲ. ಓಜೋನ್, ಸಕ್ಕರೆ ದ್ರಾವಣದ ಇಂಜೆಕ್ಷನ್‌ಗಳ ಬಗ್ಗೆ ಇರುವ ಪುರಾವೆ ಇನ್ನೂ ತೆಳು.

ಏನನ್ನು ಚುಚ್ಚುತ್ತಾರೆ ಎಂಬಷ್ಟೇ ಮುಖ್ಯ ಅದು ಎಲ್ಲಿ ಬೀಳುತ್ತದೆ ಎಂಬುದು, ಈ ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ. ಸಾಮಾನ್ಯ ಕ್ರಮ ಹೀಗಿರುತ್ತದೆ: ನೀವು ಮಲಗಿರುತ್ತೀರಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಕಾಲನ್ನು ಸಡಿಲಬಿಡಲು ಹೇಳುತ್ತಾರೆ. ಮಂಡಿಚಿಪ್ಪಿನ ಮೇಲಂಚಿನ ಹೊರಬದಿಯನ್ನು ಬೆರಳಿನಿಂದ ಗುರುತಿಸಿ, ಚರ್ಮವನ್ನು ಶುಚಿಗೊಳಿಸಿ, ಚಿಪ್ಪಿನ ಅಡಿಗೆ ಸೂಜಿಯನ್ನು ಜಾರಿಸುತ್ತಾರೆ. ಮಂಡಿ ಊದಿದ್ದರೆ ಮೊದಲು ನೀರನ್ನು ಹೊರಗೆಳೆಯಬೇಕು. ಸವೆತದ ನೀರು ಒಣಹುಲ್ಲಿನ ಬಣ್ಣದ್ದು, ತಿಳಿಯಾದದ್ದು, ಬೆರಳುಗಳ ನಡುವೆ ಎಳೆಯಾಗಿ ಹಿಗ್ಗುವಂಥದ್ದು. ಅದು ಕಲಕಿದಂತೆ, ಕೀವಿನಂತೆ ಕಂಡರೆ ಸ್ಟೀರಾಯ್ಡ್ ಕೊಡದೆ ಅಲ್ಲಿಗೇ ನಿಲ್ಲಿಸಿ ಪರೀಕ್ಷೆಗೆ ಕಳುಹಿಸಬೇಕು. ಸೂಜಿ ಸರಿಯಾದ ಜಾಗದಲ್ಲಿದ್ದರೆ ಔಷಧಿ ತಡೆಯಿಲ್ಲದೆ ಒಳಗೆ ಹೋಗುತ್ತದೆ. ಬಲವಾಗಿ ಒತ್ತಬೇಕಾಗಿ ಬಂದರೆ ಅದು ಕೊಬ್ಬಿನಲ್ಲೋ ಪೊರೆಯಲ್ಲೋ ಇದೆ ಎಂದರ್ಥ. ಅಲ್ಟ್ರಾಸೌಂಡ್ ನೋಡಿಕೊಂಡು ಕೊಟ್ಟರೆ ಗುರಿ ತಪ್ಪುವುದು ಕಡಿಮೆ, ಮೈ ದಪ್ಪಗಿರುವವರಲ್ಲಿ ಮತ್ತು ನೀರು ತುಂಬದ ಮಂಡಿಯಲ್ಲಿ ಅದರ ಪ್ರಯೋಜನ ಹೆಚ್ಚು. ನೀರು ತೆಗೆದದ್ದರಿಂದಲೇ ಅರ್ಧ ಆರಾಮ ಸಿಕ್ಕಿತು ಎನ್ನುವವರು ಬಹಳ ಮಂದಿ.

ಸ್ಟೀರಾಯ್ಡ್‌ನಿಂದ ಸಿಗುವ ಆ ಕೆಲವು ವಾರಗಳಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. 2020ರಲ್ಲಿ ಅಮೆರಿಕದಲ್ಲಿ 156 ಜನರ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಗಳನ್ನು ನೇರವಾಗಿ ಹೋಲಿಸಿದರು. ನೋವು, ಬಿಗಿತ, ಚಲನೆಗಳನ್ನು ಸೇರಿಸಿ 240 ಅಂಕಗಳಲ್ಲಿ ಅಳೆಯುವ ಕ್ರಮದಲ್ಲಿ ಎರಡೂ ಗುಂಪುಗಳು ಸುಮಾರು 108ರ ಆಸುಪಾಸಿನಲ್ಲಿ ಆರಂಭಿಸಿದವು. ಒಂದು ವರ್ಷದ ಬಳಿಕ ಇಂಜೆಕ್ಷನ್ ಗುಂಪು 55.8ಕ್ಕೆ ಇಳಿದಿತ್ತು, ಫಿಸಿಯೋಥೆರಪಿ ಗುಂಪು 37ಕ್ಕೆ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಇದನ್ನು ಓದಿ ‘ಹಾಗಾದರೆ ಇಂಜೆಕ್ಷನ್ ಏಕೆ?’ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನೋವಿನಿಂದ ಕಾಲು ಎತ್ತಲಾಗದವರಿಗೆ ವ್ಯಾಯಾಮ ಆರಂಭಿಸಲು ಒಂದು ಬಿಡುವು ಬೇಕಾಗುತ್ತದೆ, ಅಷ್ಟಕ್ಕಾಗಿ. ಈಗಲೇ ವ್ಯಾಯಾಮ ಮಾಡಬಲ್ಲಿರಾದರೆ ಸೂಜಿಯಿಲ್ಲದೆ ಆರು ವಾರ ಪ್ರಯತ್ನಿಸಿ ನೋಡುವುದೇ ಮೇಲು.

ಚುಚ್ಚಿಸಿಕೊಂಡ ಮೊದಲ ಒಂದೆರಡು ದಿನ ಮಂಡಿಗೆ ವಿಶ್ರಾಂತಿ ಕೊಡಿ. ನಂತರ ಫಿಸಿಯೋಥೆರಪಿಸ್ಟ್ ಬಳಿ ತೊಡೆಯ ಮುಂಭಾಗದ ಮತ್ತು ಸೊಂಟದ ಪಕ್ಕದ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಕಲಿಯಿರಿ. ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದು ಅವುಗಳಲ್ಲಿ ಒಂದು, ಮೊದಲಿಗೆ ಎತ್ತರದ ಕುರ್ಚಿ ಸಾಕು. ತೂಕ ಹೆಚ್ಚಿದ್ದರೆ ಇಳಿಸಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ಊರುಗೋಲು ಹಿಡಿಯುವುದಾದರೆ ನೋವಿರುವ ಬಲಗಾಲಿನ ಎದುರು ಬದಿಯ ಕೈಯಲ್ಲಿ, ಅಂದರೆ ಎಡಗೈಯಲ್ಲಿ ಹಿಡಿಯಿರಿ. ಹೊಟ್ಟೆಗೆ ಮಾತ್ರೆ ಒಗ್ಗದ ನಿಮಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಒಳ್ಳೆಯ ಆಯ್ಕೆ. ಚರ್ಮದ ಮೇಲೆ ಹಚ್ಚಿದಾಗ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಎಡ ಮಂಡಿಗೆ ಸದ್ಯ ಏನೂ ಚುಚ್ಚಿಸಿಕೊಳ್ಳಬೇಡಿ. ಊತವಿಲ್ಲದ, ಸಹಿಸಬಲ್ಲ ನೋವಿಗೆ ವ್ಯಾಯಾಮವೇ ಸಾಕು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯ ಮಾತು ಈಗಾಗಲೇ ನಡೆಯುತ್ತಿದ್ದರೆ ಇಂಜೆಕ್ಷನ್‌ಗೆ ಮುನ್ನ ಶಸ್ತ್ರಚಿಕಿತ್ಸಕರಿಗೆ ತಿಳಿಸಿ. ಶಸ್ತ್ರಚಿಕಿತ್ಸೆಗೆ ಮೂರು ತಿಂಗಳೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ ಕೃತಕ ಕೀಲಿಗೆ ಸೋಂಕು ತಗಲುವ ಸಾಧ್ಯತೆ ಹೆಚ್ಚುತ್ತದೆ. ಇಂಜೆಕ್ಷನ್ ಆದ ಕೆಲವು ದಿನಗಳಲ್ಲಿ ಮಂಡಿ ಕೆಂಪಾಗಿ ಬಿಸಿಯಾಗಿ ಊದಿ, ಜ್ವರ ಬಂದು, ಕಾಲು ಅಲುಗಾಡಿಸಲಾಗದಷ್ಟು ನೋವಾದರೆ ಅದನ್ನು ಔಷಧಿಯ ಸಾಮಾನ್ಯ ಕೆರಳಿಕೆ ಎಂದು ಮನೆಯಲ್ಲಿ ಕೂರಬೇಡಿ. ಕೀಲಿನೊಳಗೆ ಸೋಂಕಾಗುವುದು ತೀರಾ ಅಪರೂಪ, ಆದರೆ ಆದಾಗ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. ರಾತ್ರಿಯಾದರೂ ಸರಿ, ಅಂದೇ ಆಸ್ಪತ್ರೆಗೆ ಹೋಗಿ, ಇಂಜೆಕ್ಷನ್ ಯಾವಾಗ, ಯಾವುದು ಎಂಬ ಚೀಟಿಯನ್ನು ಜೊತೆಗೆ ಒಯ್ಯಿರಿ.